ಮೋಟಾರ್‌ಸೈಕಲ್ ಸವಾರಿ: ಮೊದಲು ಕಲಿಯಬೇಕಾದುದು ನಿಲ್ಲಿಸುವುದನ್ನು

ನಗರ ಜೀವನದಲ್ಲಿ ಮೋಟಾರ್‌ಸೈಕಲ್ ಭೋಗದ ವಸ್ತುವಾಗಿ ಉಳಿದಿಲ್ಲ. ಮುಂಬಯಿಯ ಉಪನಗರಗಳಲ್ಲಿಯೂ ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಹೊರವಲಯಗಳಲ್ಲಿಯೂ ಉದ್ಯೋಗಕ್ಕಾಗಿ ನೆಲೆಸಿರುವ ಅನೇಕ ಕನ್ನಡಿಗರಿಗೆ ಅದು ಮನೆ ಮತ್ತು ಕೆಲಸದ ಸ್ಥಳಗಳ ನಡುವಿನ ಸೇತುವೆಯಾಗಿದೆ. ಆದರೆ ಈ ಸೇತುವೆಯನ್ನು ದಾಟಲು ಕಲಿಯುವ ಕ್ರಮದ ಬಗ್ಗೆ ನಮ್ಮಲ್ಲಿ ಗಮನ ಕಡಿಮೆ. ಬಹುಮಂದಿ ಗೆಳೆಯರ ವಾಹನದ ಮೇಲೆ, ಒಂದು ಸಂಜೆಯಲ್ಲಿ, ಜನಸಂಚಾರದ ರಸ್ತೆಯಲ್ಲಿಯೇ ಸವಾರಿ ಕಲಿಯುತ್ತಾರೆ.

ಇದರ ಬೆಲೆ ಅಲ್ಪವಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿ ಪ್ರಯಾಣಿಸುತ್ತಿದ್ದವರು. ಅದೇ ವರ್ಷ ಹೆಲ್ಮೆಟ್ ಧರಿಸದೆ ಮೃತರಾದವರ ಸಂಖ್ಯೆ 50,029. ಈ ಅಂಕಿಗಳ ಹಿಂದೆ ಅಷ್ಟೇ ಸಂಖ್ಯೆಯ ಕುಟುಂಬಗಳಿವೆ ಎಂಬುದನ್ನು ಮರೆಯಲಾಗದು.

ಹೊಸದಾಗಿ ಕಲಿಯುವವರ ಆತುರವೆಲ್ಲ ವಾಹನವನ್ನು ಓಡಿಸುವುದರ ಕಡೆಗಿರುತ್ತದೆ. ವಾಸ್ತವವಾಗಿ ಓಡಿಸುವುದು ಸುಲಭ. ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ, ಬೀಳದೆ ನಿಲ್ಲಿಸುವುದೇ ಕಷ್ಟ. ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಖ್ 1885ರಲ್ಲಿ ಪೆಟ್ರೋಲ್ ಎಂಜಿನ್ ಅಳವಡಿಸಿ ರೂಪಿಸಿದ ದ್ವಿಚಕ್ರ ವಾಹನಕ್ಕೆ ಎರಡು ಪಕ್ಕಗಳಲ್ಲಿಯೂ ಆಸರೆಯ ಪುಟ್ಟ ಗಾಲಿಗಳನ್ನು ಜೋಡಿಸಿದ್ದರು. ಇಂದಿನ ಸವಾರರಿಗೆ ಆ ಆಸರೆ ಇಲ್ಲ. ಅದರ ಸ್ಥಾನವನ್ನು ಕ್ರಮಬದ್ಧ ಅಭ್ಯಾಸವೇ ತುಂಬಬೇಕು. ಅಂತಹ ಅಭ್ಯಾಸದ ಮೆಟ್ಟಿಲುಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಕಾನೂನಿನ ಅನುಮತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಗೇರ್ ಇರುವ ಮೋಟಾರ್‌ಸೈಕಲನ್ನು ಕಲಿಯಲು 18 ವರ್ಷ ತುಂಬಿರಬೇಕು. ಮೊದಲು ಕಲಿಕಾ ಲೈಸೆನ್ಸ್ ಪಡೆಯಬೇಕು. ಇದು ಆರು ತಿಂಗಳ ಕಾಲ ಊರ್ಜಿತದಲ್ಲಿರುತ್ತದೆ. ಇದನ್ನು ಪಡೆದು 30 ದಿನಗಳು ಕಳೆದ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಈ 30 ದಿನಗಳನ್ನು ಕಾಯುವ ಕಾಲವೆಂದು ಭಾವಿಸದೆ, ಅಭ್ಯಾಸಕ್ಕಾಗಿ ಕಾನೂನು ಕೊಟ್ಟಿರುವ ಕಾಲವೆಂದು ತಿಳಿಯುವುದು ವಿವೇಕ.

ಕಲಿಕೆಯ ಅವಧಿಯಲ್ಲಿ ವಾಹನದ ಮುಂದೆಯೂ ಹಿಂದೆಯೂ ಬಿಳಿಯ ಹಿನ್ನೆಲೆಯ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರದ ಫಲಕವಿರಬೇಕು. ಲೈಸೆನ್ಸ್ ಹೊಂದಿದ್ದು ಕಲಿಸುತ್ತಿರುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಕಲಿಕಾ ಲೈಸೆನ್ಸ್ ಆಗಲಿ, ಪೂರ್ಣ ಲೈಸೆನ್ಸ್ ಆಗಲಿ ಭಾರತದಾದ್ಯಂತ ಮಾನ್ಯವಾಗಿರುತ್ತದೆ. ಆದುದರಿಂದ ಒಂದು ರಾಜ್ಯದಲ್ಲಿ ಪಡೆದ ಲೈಸೆನ್ಸನ್ನು ಮತ್ತೊಂದು ರಾಜ್ಯದಲ್ಲಿ ನೆಲೆಸಿದ ಮಾತ್ರಕ್ಕೆ ಹೊಸದಾಗಿ ಮಾಡಿಸಬೇಕಾಗಿಲ್ಲ. ವಾಹನದ ನೋಂದಣಿಯ ವಿಷಯ ಬೇರೆ. ಊರಿನಿಂದ ತಂದ ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇಟ್ಟುಕೊಂಡರೆ, ಅದು ಬಿಎಚ್ ಶ್ರೇಣಿಯದಲ್ಲದಿದ್ದಲ್ಲಿ, ಆ ರಾಜ್ಯದ ನೋಂದಣಿ ಸಂಖ್ಯೆ ಪಡೆಯಬೇಕಾಗುತ್ತದೆ.

ತಂದೆತಾಯಿಯರು ಗಮನಿಸಬೇಕಾದ ಅಂಶವೊಂದಿದೆ. ಅಪ್ರಾಪ್ತ ವಯಸ್ಕರು ಕಾನೂನು ಮೀರಿ ವಾಹನ ಓಡಿಸಿ ಅಪರಾಧಕ್ಕೆ ಒಳಗಾದರೆ, 2019ರ ತಿದ್ದುಪಡಿಯಂತೆ ಪೋಷಕರು ಅಥವಾ ವಾಹನದ ಮಾಲೀಕರು ಮೂರು ವರ್ಷಗಳವರೆಗಿನ ಕಾರಾವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗಬಹುದು. ಮಗನ ಕೈಗೆ ಬೀಗದ ಕೈ ಕೊಡುವ ಮುನ್ನ ಇದನ್ನು ಸ್ಮರಿಸುವುದು ಒಳ್ಳೆಯದು.

ಹತೋಟಿಗಳ ಪರಿಚಯ

ಎಂಜಿನನ್ನು ಚಾಲೂ ಮಾಡುವ ಮೊದಲು ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕುಳಿತು, ಪ್ರತಿಯೊಂದು ಹತೋಟಿಯನ್ನೂ ನೋಡದೆ ಮುಟ್ಟುವಂತಾಗುವವರೆಗೆ ಅಭ್ಯಾಸ ಮಾಡಬೇಕು. ಬಲಗೈಯಲ್ಲಿ ಆಕ್ಸಿಲರೇಟರ್ ಮತ್ತು ಮುಂಗಾಲಿಯ ಬ್ರೇಕ್, ಬಲಗಾಲಿನಲ್ಲಿ ಹಿಂಗಾಲಿಯ ಬ್ರೇಕ್, ಎಡಗೈಯಲ್ಲಿ ಕ್ಲಚ್, ಎಡಗಾಲಿನಲ್ಲಿ ಗೇರ್. ಇಂದಿನ ಮೋಟಾರ್‌ಸೈಕಲುಗಳಲ್ಲಿ ಇದೇ ಸಾಮಾನ್ಯ ಏರ್ಪಾಡು.

ಆದರೂ ಎಲ್ಲ ವಾಹನಗಳೂ ಒಂದೇ ಬಗೆಯವಲ್ಲ. ಹಳೆಯ ಬುಲೆಟ್‌ಗಳಲ್ಲಿ ಗೇರ್ ಬಲಗಾಲಿಗೂ ಬ್ರೇಕ್ ಎಡಗಾಲಿಗೂ ಇತ್ತು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ವಾಹನಗಳಲ್ಲಿ ಎಂಜಿನನ್ನು ಒದ್ದು ಚಾಲೂ ಮಾಡುವ ಸನ್ನೆಯೂ ಗೇರ್ ಬದಲಿಸುವ ಸನ್ನೆಯೂ ಒಂದೇ ಆಗಿತ್ತು. ಇಂದಿಗೂ ಕೆಲವು ವಾಹನಗಳಲ್ಲಿ ಎಲ್ಲ ಗೇರುಗಳನ್ನೂ ಕೆಳಕ್ಕೆ ಒತ್ತಿ ಹಾಕಬೇಕು. ಇನ್ನು ಕೆಲವುಗಳಲ್ಲಿ ಮೊದಲ ಗೇರ್ ಕೆಳಕ್ಕೆ, ಉಳಿದವು ಮೇಲಕ್ಕೆ. ಒಂದು ವಾಹನದಲ್ಲಿ ಕಲಿತವರು ಮತ್ತೊಂದನ್ನು ಏರುವ ಮುನ್ನ ಇದನ್ನು ವಿಚಾರಿಸಿ ತಿಳಿಯಬೇಕು. ಗಾಬರಿಯ ಕ್ಷಣದಲ್ಲಿ ಕಾಲು ಹಳೆಯ ಅಭ್ಯಾಸವನ್ನೇ ಹುಡುಕುತ್ತದೆ.

ಮೈದಾನದ ಅಭ್ಯಾಸ

ಮೊದಲ ಪಾಠಗಳಿಗೆ ಜನಸಂಚಾರವಿಲ್ಲದ, ಸಮತಟ್ಟಾದ, ಜಲ್ಲಿ ಮರಳುಗಳಿಲ್ಲದ ಜಾಗ ಬೇಕು. ಅನುಮತಿ ಪಡೆದ ಮೈದಾನವಾಗಲಿ, ರಜಾದಿನದಲ್ಲಿ ಬರಿದಾಗಿರುವ ವಾಹನ ನಿಲುಗಡೆಯ ಅಂಗಳವಾಗಲಿ ಸಾಕು. ಎಂಜಿನ್ ಚಾಲೂ ಮಾಡದೆ ವಾಹನವನ್ನು ತಳ್ಳಿಕೊಂಡು ನಡೆದು, ಮುಂಗಾಲಿಯ ಬ್ರೇಕನ್ನು ಮೆಲ್ಲಗೆ ಹಿಡಿದು ನಿಲ್ಲಿಸುವುದೇ ಮೊದಲ ಪಾಠ. ವಾಹನದ ತೂಕ ಯಾವ ಕಡೆಗೆ ವಾಲುತ್ತದೆ, ಎಷ್ಟು ವಾಲಿದರೆ ತಡೆಯಲಾಗದು ಎಂಬುದು ಇದರಿಂದ ಮೈಗೆ ತಿಳಿಯುತ್ತದೆ.

ಎರಡನೆಯ ಪಾಠ ಕ್ಲಚ್. ಎಂಜಿನಿನ ಶಕ್ತಿಯನ್ನು ಗೇರ್‌ಪೆಟ್ಟಿಗೆಗೆ ಜೋಡಿಸುವ ಮತ್ತು ಬಿಡಿಸುವ ಭಾಗವಿದು. ಸನ್ನೆಯನ್ನು ಪೂರ್ತಿ ಹಿಡಿದಾಗ ಸಂಬಂಧ ಕಡಿಯುತ್ತದೆ. ಪೂರ್ತಿ ಬಿಟ್ಟಾಗ ಕೂಡುತ್ತದೆ. ಇವೆರಡರ ನಡುವೆ ಒಂದು ಅಂತರದಲ್ಲಿ ಕ್ಲಚ್ಚಿನ ಫಲಕಗಳು ಜಾರುತ್ತಾ ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಸಾಗಿಸುತ್ತವೆ. ಈ ಅಂತರವನ್ನು ಬೆರಳುಗಳು ಅರಿತರೆ ಸವಾರಿಯ ಅರ್ಧ ವಿದ್ಯೆ ಬಂದಂತೆ. ಮೊದಲ ಗೇರ್ ಹಾಕಿ, ಎರಡೂ ಪಾದಗಳನ್ನು ನೆಲದಲ್ಲಿ ಊರಿ, ವಾಹನ ಮುಂದಕ್ಕೆ ಮಿಸುಕುವವರೆಗೆ ಮಾತ್ರ ಸನ್ನೆಯನ್ನು ಸಡಿಲಿಸಿ ಮತ್ತೆ ಹಿಡಿಯಬೇಕು. ಇದನ್ನು ಹತ್ತಾರು ಸಲ ಮಾಡಬೇಕು. ಎಂಜಿನ್ ಪದೇಪದೇ ನಿಂತರೆ ನಾಚಿಕೆಪಡಬೇಕಾಗಿಲ್ಲ. ಸನ್ನೆಯನ್ನು ತೀರ ಬೇಗ ಬಿಟ್ಟೆವೆಂದು ಯಂತ್ರವೇ ಹೇಳಿಕೊಡುತ್ತಿದೆ ಎಂದು ತಿಳಿಯಬೇಕು. ಗಾಬರಿಯಾದಾಗ ಮಾಡಬೇಕಾದುದು ಒಂದೇ: ಕ್ಲಚ್ ಹಿಡಿ, ಆಕ್ಸಿಲರೇಟರ್ ಬಿಡು. ಕಲಿಸುವವರು ಇದನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಬೇಕು.

ವಾಹನ ಓಡುವಾಗ ತಾನಾಗಿ ನೆಟ್ಟಗಿರುತ್ತದೆ, ನಿಧಾನವಾದಾಗ ತೂಗಾಡುತ್ತದೆ. ಆದ್ದರಿಂದ ನಡೆಯುವ ಮನುಷ್ಯನ ವೇಗದಲ್ಲಿ ನೇರವಾಗಿ ಸಾಗುವುದು, ನಂತರ ಎಂಟರ ಆಕಾರದಲ್ಲಿ ಸುತ್ತುವುದು ಅತ್ಯುತ್ತಮ ಅಭ್ಯಾಸ. ಆಗ ದೃಷ್ಟಿ ಮುಂಗಾಲಿಯ ಮೇಲಿರದೆ ಹೋಗಬೇಕಾದ ದಿಕ್ಕಿನಲ್ಲಿರಬೇಕು. ಕಣ್ಣು ಹೋದ ಕಡೆಗೆ ಕೈ, ಕೈ ಹೋದ ಕಡೆಗೆ ವಾಹನ. ಗುಂಡಿಯನ್ನೇ ನೋಡುತ್ತಿದ್ದವರು ಗುಂಡಿಗೇ ಇಳಿಯುತ್ತಾರೆ.

ಬ್ರೇಕಿನ ವಿದ್ಯೆ

ಮುಂಗಾಲಿಯ ಬ್ರೇಕ್ ಹಿಡಿದರೆ ಬೀಳುತ್ತೇವೆಂಬ ಅಂಜಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ವೇಗ ತಗ್ಗಿಸುವಾಗ ಭಾರವು ಮುಂದಿನ ಗಾಲಿಯ ಕಡೆಗೆ ಸರಿಯುತ್ತದೆ. ಮುಂಗಾಲಿ ನೆಲವನ್ನು ಬಲವಾಗಿ ಹಿಡಿಯುತ್ತದೆ, ಹಿಂಗಾಲಿ ಹಗುರಾಗುತ್ತದೆ. ಆದುದರಿಂದ ವಾಹನವನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನದೇ. ಹಿಂದಿನದನ್ನು ಮಾತ್ರ ನಂಬಿದವರಿಗೆ ನಿಲ್ಲಲು ಬಹಳ ದೂರ ಬೇಕಾಗುತ್ತದೆ. ಗಾಲಿ ಕಚ್ಚಿಕೊಂಡು ವಾಹನ ಪಕ್ಕಕ್ಕೆ ಜಾರಲೂಬಹುದು. ಅಪಾಯವಿರುವುದು ಮುಂದಿನ ಬ್ರೇಕನ್ನು ತಟಕ್ಕನೆ ಹಿಡಿಯುವುದರಲ್ಲಿ, ಇಲ್ಲವೆ ವಾಹನ ವಾಲಿರುವಾಗ, ಹ್ಯಾಂಡಲ್ ತಿರುಗಿರುವಾಗ, ಮರಳಿನ ಮೇಲಿರುವಾಗ ಹಿಡಿಯುವುದರಲ್ಲಿ. ವಾಹನವನ್ನು ನೆಟ್ಟಗಿರಿಸಿ, ಎರಡೂ ಬ್ರೇಕುಗಳನ್ನು ಏಕಕಾಲಕ್ಕೆ, ಹಣ್ಣು ಹಿಂಡುವಂತೆ ಕ್ರಮವಾಗಿ ಬಿಗಿಗೊಳಿಸಬೇಕು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಹೊಸ ಮೋಟಾರ್‌ಸೈಕಲುಗಳಲ್ಲಿ ಗಾಲಿ ಕಚ್ಚಿಕೊಳ್ಳುವುದನ್ನು ತಡೆಯುವ ಎಬಿಎಸ್ ವ್ಯವಸ್ಥೆಯೂ, ಅದಕ್ಕಿಂತ ಚಿಕ್ಕವುಗಳಲ್ಲಿ ಕನಿಷ್ಠಪಕ್ಷ ಎರಡು ಗಾಲಿಗಳಿಗೂ ಒಟ್ಟಿಗೆ ಬ್ರೇಕ್ ತಾಗಿಸುವ ವ್ಯವಸ್ಥೆಯೂ ಕಡ್ಡಾಯವಾದವು. ಇವು ಉಪಕಾರಿ, ಆದರೆ ದೂರದ ಲೆಕ್ಕವನ್ನು ಅಳಿಸಲಾರವು. ಆ ಲೆಕ್ಕ ಹೀಗಿದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. 60ರ ವೇಗದಲ್ಲಿ ಸುಮಾರು 17 ಮೀಟರ್. ಅಡ್ಡಿಯನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದೂ, ಆಮೇಲೆ ವೇಗವು ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ಇಳಿಯುವುದೆಂದೂ ಇಟ್ಟುಕೊಳ್ಳೋಣ. 30ರ ವೇಗದಲ್ಲಿ ನಿಲ್ಲಲು ಒಟ್ಟು ಸುಮಾರು 15 ಮೀಟರ್ ಬೇಕು. 60ರ ವೇಗದಲ್ಲಿ ಸುಮಾರು 45 ಮೀಟರ್. ವೇಗ ಇಮ್ಮಡಿಯಾದರೆ ದೂರ ಮುಮ್ಮಡಿಯಾಗುತ್ತದೆ. ರಸ್ತೆಗೆ ಅಡ್ಡ ಬಂದ ಮಗು 20 ಮೀಟರ್ ದೂರದಲ್ಲಿದ್ದರೆ, ಈ ಎರಡು ವೇಗಗಳ ನಡುವಿನ ವ್ಯತ್ಯಾಸವೇ ಆ ಮಗುವಿನ ಆಯುಸ್ಸು.

ಮೈದಾನದಲ್ಲಿ ಒಂದು ಗೆರೆ ಎಳೆದು, 15ರ ವೇಗದಲ್ಲಿ ಬಂದು ಗೆರೆಯ ಮುಂದೆ ನಿಲ್ಲಿಸುವುದನ್ನು ರೂಢಿಸಿಕೊಂಡು, ಬಳಿಕ 20, 25, 30ಕ್ಕೆ ಏರಬೇಕು. ಹತ್ತು ಸಲಕ್ಕೆ ಹತ್ತು ಸಲವೂ ಗೆರೆ ದಾಟದೆ ನಿಲ್ಲಿಸಬಲ್ಲವರು ಮಾತ್ರ ರಸ್ತೆಗೆ ಇಳಿಯಲು ಅರ್ಹರು.

ರಸ್ತೆಗೆ ಇಳಿದಾಗ

ಮೊದಲ ದಿನಗಳಲ್ಲಿ ಬೆಳಗಿನ ಹೊತ್ತು, ಪರಿಚಿತವಾದ ಒಳರಸ್ತೆಗಳನ್ನು ಆರಿಸಿಕೊಳ್ಳಬೇಕು. ಕನ್ನಡಿಗಳನ್ನು ಸರಿಪಡಿಸಿಕೊಂಡೇ ಹೊರಡಬೇಕು. ತಿರುಗುವ ಮೊದಲು ಕನ್ನಡಿ ನೋಡುವುದು, ಸೂಚನಾ ದೀಪ ಹಾಕುವುದು, ಭುಜದ ಮೇಲಿಂದ ಒಮ್ಮೆ ಹಿಂದಿರುಗಿ ನೋಡುವುದು ಈ ಮೂರೂ ಕ್ರಮವಾಗಿ ನಡೆಯಬೇಕು. ಕನ್ನಡಿಗೆ ಕಾಣದ ಮೂಲೆಯೊಂದು ಸದಾ ಇರುತ್ತದೆ. ತಿರುವಿಗೆ ಬರುವ ಮೊದಲೇ ವೇಗವನ್ನೂ ಗೇರನ್ನೂ ಇಳಿಸಬೇಕು. ತಿರುವಿನೊಳಗೆ ಬ್ರೇಕ್ ಹುಡುಕಬಾರದು. ಬಸ್ಸು, ಲಾರಿಗಳ ಎಡಪಕ್ಕದಲ್ಲಿ ನುಸುಳುವುದಂತೂ ಪ್ರಾಣಾಪಾಯ. ಅವುಗಳ ಚಾಲಕರಿಗೆ ಅಲ್ಲಿರುವ ಸವಾರರು ಕಾಣುವುದೇ ಇಲ್ಲ.

ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಫಲಕಗಳ ಮೇಲಿನ ಬರಹ ಅಪರಿಚಿತವಾಗಿರಬಹುದು. ಆದರೆ ಆಕಾರಗಳು ದೇಶಕ್ಕೆಲ್ಲ ಒಂದೇ. ಕೆಂಪು ಅಂಚಿನ ವೃತ್ತವು ನಿಷೇಧ ಅಥವಾ ಮಿತಿಯನ್ನೂ, ಕೆಂಪು ಅಂಚಿನ ತ್ರಿಕೋನವು ಎಚ್ಚರಿಕೆಯನ್ನೂ, ಕೆಂಪು ಅಷ್ಟಕೋನವು ನಿಲ್ಲಬೇಕೆಂಬುದನ್ನೂ, ನೀಲಿಯ ಆಯತವು ಮಾಹಿತಿಯನ್ನೂ ಸೂಚಿಸುತ್ತದೆ. ತಮಿಳು, ತೆಲುಗು, ಮರಾಠಿ ಓದಲು ಬಾರದವರೂ ಈ ಲಿಪಿಯನ್ನು ಕಲಿಯಲೇಬೇಕು.

ಮಳೆಯ ಮೊದಲ ಹನಿಗಳು ರಸ್ತೆಯ ಮೇಲಿನ ಎಣ್ಣೆ ಮತ್ತು ಧೂಳನ್ನು ಕಲಸಿ ಜಾರುವ ಲೇಪವನ್ನಾಗಿ ಮಾಡುತ್ತವೆ. ಆಗ ವೇಗ ತಗ್ಗಿಸಿ, ಮುಂದಿನ ವಾಹನದಿಂದ ಎಂದಿಗಿಂತ ಹೆಚ್ಚು ಅಂತರವಿಡಬೇಕು. ಬಣ್ಣದ ಪಟ್ಟೆಗಳ ಮೇಲೂ ಕಬ್ಬಿಣದ ಮುಚ್ಚಳಗಳ ಮೇಲೂ ಬ್ರೇಕ್ ಹಿಡಿಯಬಾರದು. ರೈಲು ಹಳಿಗಳನ್ನು ಆದಷ್ಟು ನೇರವಾಗಿ, ಲಂಬಕೋನದಲ್ಲಿ ದಾಟಬೇಕು. ನೀರು ನಿಂತ ಕಡೆ ಆಳ ತಿಳಿಯದೆ ಇಳಿಯಬಾರದು.

ಹೆಲ್ಮೆಟ್ ಮತ್ತು ಹಿಂಬದಿಯ ಸವಾರರು

ಸವಾರರಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ ಅವಶ್ಯಕ. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ಕಾನೂನು ವಿನಾಯಿತಿ ನೀಡಿದೆ. ಐಎಸ್‌ಐ ಗುರುತಿರುವ, ತಲೆಗೆ ಸರಿಹೊಂದುವ ಹೆಲ್ಮೆಟ್ಟನ್ನೇ ಕೊಳ್ಳಬೇಕು. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ಪೆಟ್ಟು ಬೀಳುವ ಮೊದಲೇ ಹಾರಿಹೋಗುತ್ತದೆ. ಅದು ಪೊಲೀಸರಿಗೆ ತೋರಿಸುವ ವಸ್ತುವೇ ಹೊರತು ತಲೆಯ ರಕ್ಷಣೆಯಲ್ಲ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು.

ಕಾನೂನಿನಂತೆ ಹಿಂದೆ ಒಬ್ಬರೇ ಕೂರಬಹುದು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್ಟೂ ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿಯೂ ಇರಬೇಕು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಸೀರೆಯ ಸೆರಗು, ದುಪಟ್ಟಾಗಳು ಹಿಂಗಾಲಿಗೆ ಸಿಲುಕದಂತೆ ಕಟ್ಟಿಕೊಂಡಿರುವುದನ್ನು ಹೊರಡುವ ಮೊದಲು ಸವಾರರೇ ನೋಡಬೇಕು. ಹಿಂದೆ ಭಾರ ಹೆಚ್ಚಿದಾಗ ನಿಲ್ಲಲು ಬೇಕಾಗುವ ದೂರವೂ ಹೆಚ್ಚುತ್ತದೆ. ಒಬ್ಬರೇ ಸಾಕಷ್ಟು ಅಭ್ಯಾಸ ಮಾಡಿ ಲೈಸೆನ್ಸ್ ಪಡೆಯುವ ಮುನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವುದು ಪ್ರೀತಿಯ ಲಕ್ಷಣವಲ್ಲ.

ಅಪಘಾತ ಕಂಡಾಗ

ದಾರಿಯಲ್ಲಿ ಯಾರಾದರೂ ಬಿದ್ದಿರುವುದನ್ನು ಕಂಡರೆ ನಿಲ್ಲಬೇಕು, 112ಕ್ಕೆ ಕರೆ ಮಾಡಬೇಕು. ಗಾಯಾಳುವಿನ ಹೆಲ್ಮೆಟ್ಟನ್ನು ಒರಟಾಗಿ ಎಳೆಯಬಾರದು, ಕುತ್ತಿಗೆಗೆ ಪೆಟ್ಟಾಗಿರಬಹುದು. ನೆರವಾದರೆ ತೊಂದರೆಗೆ ಸಿಲುಕುತ್ತೇವೆಂಬ ಭಯ ಬೇಡ. ಸದುದ್ದೇಶದಿಂದ ನೆರವಾದವರಿಗೆ 2019ರ ತಿದ್ದುಪಡಿಯ 134ಎ ಪ್ರಕರಣವು ಕಾನೂನಿನ ರಕ್ಷಣೆ ನೀಡಿದೆ.

ಸ್ವಪರೀಕ್ಷೆ

ಪರೀಕ್ಷೆಗೆ ಹೋಗುವ ಮುನ್ನ ಕಲಿತವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು:

1. ಕೆಳಗೆ ನೋಡದೆ ಎಲ್ಲ ಹತೋಟಿಗಳನ್ನೂ ಮುಟ್ಟಬಲ್ಲೆನೆ?
2. ನಡಿಗೆಯ ವೇಗದಲ್ಲಿ ಕಾಲೂರದೆ ಎಂಟರ ಆಕಾರವನ್ನು ಸುತ್ತಬಲ್ಲೆನೆ?
3. 30ರ ವೇಗದಿಂದ ಎರಡೂ ಬ್ರೇಕುಗಳನ್ನು ಬಳಸಿ ಗೆರೆಯ ಮುಂದೆ ನಿಲ್ಲಬಲ್ಲೆನೆ?
4. ತಿರುಗುವ ಮೊದಲು ಕನ್ನಡಿ, ದೀಪ, ಭುಜನೋಟ ಈ ಮೂರೂ ಅಭ್ಯಾಸವಾಗಿವೆಯೆ?
5. ಹೆಲ್ಮೆಟ್ಟಿನ ಪಟ್ಟಿಯನ್ನು ಬೀದಿಯ ತುದಿಗೆ ಹೋಗುವಾಗಲೂ ಬಿಗಿಯುತ್ತೇನೆಯೆ?

ಐದಕ್ಕೂ ಹೌದೆಂಬ ಉತ್ತರ ಬರುವವರೆಗೆ ಮೈದಾನವನ್ನು ಬಿಡಬಾರದು. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಏಳು ದಿನಗಳ ನಂತರ ಮತ್ತೆ ಹಾಜರಾಗಬಹುದು. ರಸ್ತೆಯ ಪರೀಕ್ಷೆಯಾದರೋ ಎರಡನೆಯ ಅವಕಾಶವನ್ನು ಎಲ್ಲರಿಗೂ ಕೊಡುವುದಿಲ್ಲ. ಆದ್ದರಿಂದ ನಿಲ್ಲಿಸಲು ಬಲ್ಲವರೇ ಓಡಿಸಲು ಬಲ್ಲವರು ಎಂಬ ಮಾತನ್ನು ಪ್ರತಿಯೊಬ್ಬ ಹೊಸ ಸವಾರರೂ ಮನಸ್ಸಿನಲ್ಲಿಟ್ಟು ಹೊರಡಲಿ. ಸಂಜೆ ಕ್ಷೇಮವಾಗಿ ಮನೆಗೆ ಮರಳಲಿ.