ಮಳೆ, ಕೊಳೆ, ಮದ್ದು: ರಿಗ್ರೆಶನ್‌ನಲ್ಲಿ ಮೀಡಿಯೇಟರ್ ಮತ್ತು ಮಾಡರೇಟರ್



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅನೇಕ ಮನೆಗಳಲ್ಲಿ ಕಾಲೇಜು ಶುಲ್ಕ ಬರುವುದು ಅಡಿಕೆಯಿಂದ. ಆಟಿಯಲ್ಲಿ ಮಳೆ ಬಿಡದೆ ಹಿಡಿದರೆ ಮನೆಯವರಿಗೆ ಚಿಂತೆ. ‘ಮಳೆ ಹೆಚ್ಚಿದರೆ ಅಡಿಕೆ ನಷ್ಟ’ ಎಂಬ ಮಾತಿನಲ್ಲಿ ಮಳೆ ಸ್ವತಂತ್ರ ಚಲಕ, ನಷ್ಟ ಅವಲಂಬಿತ ಚಲಕ. ಆದರೆ ನಷ್ಟ ಹೇಗೆ ಆಗುತ್ತದೆ? ಎಲ್ಲ ತೋಟಗಳಲ್ಲೂ ಒಂದೇ ಸಮನಾಗಿ ಆಗುತ್ತದೆಯೇ?

ಮೀಡಿಯೇಟರ್ (‘ಹೇಗೆ?’): ಸತತ ಮಳೆಯ ತೇವದಲ್ಲಿ ಫೈಟಾಫ್ತೊರಾ ಹರಡಿ ಕೊಳೆರೋಗ ಬರುತ್ತದೆ, ಎಳೆಕಾಯಿ ಉದುರುತ್ತದೆ. ಮಳೆ → ಕೊಳೆ → ನಷ್ಟ. ನಡುವಿನ ಕೊಳೆಯೇ ಮೀಡಿಯೇಟರ್.

ಲೆಕ್ಕಕ್ಕಾಗಿ ಹೀಗೆ ಊಹಿಸಿ: ಮದ್ದು ಬಿಡದ ತೋಟಗಳಲ್ಲಿ 10 ಮಳೆದಿನ ಹೆಚ್ಚಾದರೆ ಕೊಳೆ 4 ಅಂಶ ಏರುತ್ತದೆ; ಕೊಳೆ 1 ಅಂಶ ಏರಿದರೆ ನಷ್ಟ 2 ಕೆ.ಜಿ. ಆಗ ಪರೋಕ್ಷ ಪರಿಣಾಮ 4 × 2 = 8 ಕೆ.ಜಿ. ಒಟ್ಟು ಪರಿಣಾಮ 10 ಕೆ.ಜಿ. ಆಗಿದ್ದರೆ ನೇರ ಪರಿಣಾಮ 2 ಕೆ.ಜಿ. ಮಾತ್ರ.

ಹಲವರು ತಪ್ಪುವುದು ಇಲ್ಲೇ. ಸಮೀಕರಣಕ್ಕೆ ಕೊಳೆಯನ್ನೂ ಸೇರಿಸಿದೊಡನೆ ಮಳೆಯ ಗುಣಾಂಕ 10ರಿಂದ 2ಕ್ಕೆ ಇಳಿಯುತ್ತದೆ. ‘ಹಾಗಾದರೆ ಮಳೆಯದ್ದೇನೂ ದೊಡ್ಡ ವಿಷಯವಲ್ಲ’ ಎಂದು ಬರೆದರೆ ತಪ್ಪು. ಮಳೆಯ ಕೆಲಸದ ಹೆಚ್ಚಿನ ಪಾಲು ಕೊಳೆಯ ಮೂಲಕ ನಡೆದಿದೆ, ಅಷ್ಟೇ.

ಮಾಡರೇಟರ್ (‘ಎಲ್ಲಿ, ಎಷ್ಟು?’): ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಬಿಟ್ಟ ತೋಟದಲ್ಲಿ ಅದೇ 10 ಮಳೆದಿನಕ್ಕೆ ಕೊಳೆ 1 ಅಂಶ ಮಾತ್ರ ಏರುತ್ತದೆ ಎನ್ನಿ. ಮದ್ದು ಮಳೆಯಿಂದ ಹುಟ್ಟಿದ್ದಲ್ಲ. ಮಳೆಯ ಪ್ರಭಾವದ ಬಲವನ್ನು ಬದಲಿಸುತ್ತದೆ. ಆದ್ದರಿಂದ ಅದು ಮಾಡರೇಟರ್.

ಕೊಳೆ = ಅ + ಬ1(ಮಳೆ) + ಬ2(ಮದ್ದು) + ಬ3(ಮಳೆ × ಮದ್ದು)

ಮದ್ದು ಬಿಟ್ಟರೆ 1, ಇಲ್ಲದಿದ್ದರೆ 0. ಮಳೆಯನ್ನು ಹತ್ತು ದಿನಕ್ಕೊಂದು ಘಟಕವಾಗಿ ಅಳೆದರೆ ಬ1 = 4, ಬ3 = 1 − 4 = −3. ಗುಣಾಕಾರದ ಪದವಿಲ್ಲದೆ ಮಾಡರೇಟರ್ ಕಾಣುವುದಿಲ್ಲ.

ಈ ಎರಡರ ವ್ಯತ್ಯಾಸವನ್ನು ಬ್ಯಾರನ್ ಮತ್ತು ಕೆನ್ನಿ 1986ರ ಲೇಖನವೊಂದರಲ್ಲಿ ವಿವರಿಸಿದರು. ಅದು ಬಹಳ ಪ್ರಸಿದ್ಧವಾಯಿತು.

ಒಂದು ಎಚ್ಚರಿಕೆ: ಗುಣಾಂಕವೊಂದೇ ಕಾರಣವನ್ನು ಸಾಬೀತು ಮಾಡದು. ಮದ್ದು ಬಿಡುವವರು ಬಸಿಗಾಲುವೆಯನ್ನೂ ಚೆನ್ನಾಗಿ ಇಟ್ಟುಕೊಂಡಿರಬಹುದು. ಕಾರಣ ಮೊದಲು, ಮೀಡಿಯೇಟರ್ ನಂತರ, ಫಲ ಕೊನೆಗೆ ಎಂಬ ಕಾಲಕ್ರಮವನ್ನೂ ನೋಡಬೇಕು.

ಮಳೆಯನ್ನು ನಿಲ್ಲಿಸಲು ನಮ್ಮಿಂದಾಗದು. ಕೊಳೆಯ ದಾರಿ ತಿಳಿದರೆ ಎಲ್ಲಿ ತಡೆಯಬೇಕೆಂದು ತಿಳಿಯುತ್ತದೆ.

ಅಭ್ಯಾಸ: ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಅಂಕ ಕಡಿಮೆ ಎನ್ನೋಣ. ನಿದ್ದೆಯ ಕೊರತೆ, ಹಾಸ್ಟೆಲ್ ಸೌಲಭ್ಯ: ಇವುಗಳಲ್ಲಿ ಮೀಡಿಯೇಟರ್ ಯಾವುದು, ಮಾಡರೇಟರ್ ಯಾವುದು? ಕಾರಣ ಸಹಿತ ಬರೆಯಿರಿ.