ಪಾತ್ರೆಯ ಶುದ್ಧಿ, ಪ್ರಸಾದದ ಶುದ್ಧಿ

ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವುದು ಶರಣ ಪರಂಪರೆಯ ರೂಢಿ. ಒಂದು ಅಗುಳನ್ನೂ ಚೆಲ್ಲಬಾರದೆಂಬ ನಿಯಮವು ದಾಸೋಹದ ಪಂಕ್ತಿಯಲ್ಲಿ ಕುಳಿತವರೆಲ್ಲರಿಗೂ ತಿಳಿದಿದೆ. ಆದರೆ ಆ ಅನ್ನವನ್ನು ಬೇಯಿಸಿದ, ತುಂಬಿಟ್ಟ, ಕಟ್ಟಿಕೊಟ್ಟ ವಸ್ತು ಯಾವುದೆಂದು ವಿಚಾರಿಸುವವರು ವಿರಳ. ಧಾನ್ಯವು ಎಷ್ಟೇ ಶುಚಿಯಾಗಿದ್ದರೂ ಪಾತ್ರೆಯ ದೋಷವು ಅನ್ನಕ್ಕೆ ಇಳಿಯುತ್ತದೆ.

ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನೇ ನೋಡಬಹುದು. ಹುಣಸೆಹುಳಿ, ಮಜ್ಜಿಗೆ, ನಿಂಬೆಗಳಲ್ಲಿರುವ ಆಮ್ಲವು ಇವುಗಳಲ್ಲಿನ ತಾಮ್ರವನ್ನು ಕರಗಿಸುತ್ತದೆ. ಅಂಥ ಸಾರನ್ನು ಉಂಡವರಿಗೆ ಹೊಟ್ಟೆನೋವು, ವಾಂತಿ ಉಂಟಾಗಬಹುದು. ಇದನ್ನು ತಡೆಯಲೆಂದೇ ಹಿರಿಯರು ಕಲಾಯಿ ಹಾಕಿಸುತ್ತಿದ್ದರು. ಕಾದ ಪಾತ್ರೆಯನ್ನು ನವಸಾಗರದಿಂದ ಉಜ್ಜಿ, 232 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗುವ ತವರವನ್ನು ಒಳಮೈಗೆ ಸವರುವುದೇ ಕಲಾಯಿ. ಆದರೆ ತವರದೊಡನೆ ಅಗ್ಗದ ಸೀಸವು ಬೆರೆತರೆ ರಕ್ಷೆಯೇ ವಿಷವಾಗುತ್ತದೆ. ಸೀಸವು ರಕ್ತಹೀನತೆಯನ್ನು ತರುವುದಲ್ಲದೆ ಮಕ್ಕಳ ಮೆದುಳಿನ ಬೆಳವಣಿಗೆಯನ್ನೂ ಕುಂದಿಸುತ್ತದೆ. ಇಷ್ಟು ಸೀಸ ಸೇರಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಬಿಸಿ ಬಜ್ಜಿ, ಬೋಂಡಗಳನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡುವ ಪದ್ಧತಿಯೂ ನಿರಪಾಯವಲ್ಲ. ಬಿಸಿ ಎಣ್ಣೆಯು ಮುದ್ರಣದ ಮಸಿಯನ್ನು ಕರಗಿಸಿ ತಿನಿಸಿಗೆ ಅಂಟಿಸುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಈ ಕುರಿತು ಎಚ್ಚರಿಕೆ ನೀಡಿತು. ಬಾಳೆಯ ಎಲೆ, ಮುತ್ತುಗದ ಎಲೆಗಳಿಗೆ ಮಸಿಯ ಈ ದೋಷವಿಲ್ಲ.

ಎಲ್ಲಕ್ಕಿಂತ ಘೋರವಾದ ಪಾಠವು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯದು. 2013ರ ಜುಲೈ 16ರಂದು ಅಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಅಸುನೀಗಿದರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಈ ವಿಷವು ನರಗಳ ಕಾರ್ಯಕ್ಕೆ ಅವಶ್ಯಕವಾದ ಕಿಣ್ವವೊಂದನ್ನು ತಡೆದು ಉಸಿರಾಟವನ್ನೇ ನಿಲ್ಲಿಸಬಲ್ಲದು. ಎಣ್ಣೆಯ ಬಗ್ಗೆ ಅಡುಗೆಯವರು ಮೊದಲೇ ಸಂಶಯಪಟ್ಟಿದ್ದರೆಂದು ಆಗ ವರದಿಯಾಯಿತು. ಆ ಸಂಶಯಕ್ಕೆ ಬೆಲೆ ಸಿಕ್ಕಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು.

ಆದಕಾರಣ ಗೃಹಸ್ಥರೂ ವಿದ್ಯಾರ್ಥಿಗಳೂ ಕೆಲವು ನಿಯಮಗಳನ್ನು ಪಾಲಿಸಬೇಕು. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಬಾರದು. ಅದನ್ನು ಜಜ್ಜಿ ನಿರುಪಯುಕ್ತಗೊಳಿಸಬೇಕು. ಕೀಟನಾಶಕ, ಸೀಮೆಎಣ್ಣೆಗಳನ್ನು ಅಡುಗೆಮನೆಯಿಂದ ದೂರವಿಟ್ಟು ಅವುಗಳ ಮೇಲೆ ಹೆಸರು ಬರೆಯಬೇಕು. ಕಲಾಯಿ ಅಳಿದ ಪಾತ್ರೆಯಲ್ಲಿ ಹುಳಿಯನ್ನು ಇಡಬಾರದು. ಬಣ್ಣ, ವಾಸನೆ, ರುಚಿ ಕೆಟ್ಟ ಆಹಾರವನ್ನು ಒಲ್ಲೆನೆನ್ನುವ ಮಗುವನ್ನು ಗದರಿಸದೆ ಮೊದಲು ಆಹಾರವನ್ನು ಪರೀಕ್ಷಿಸಬೇಕು. ಪಾತ್ರೆ ಬೆಳಗುವುದೂ ಕಾಯಕವೇ. ಆ ಕಾಯಕವು ಅರಿವಿನಿಂದ ನಡೆದಾಗಲೇ ದಾಸೋಹವು ಪೂರ್ಣವಾಗುತ್ತದೆ.