ಅಜೀಂ ಪ್ರೇಮ್‌ಜಿ ಫೌಂಡೇಶನ್: ಪರೀಕ್ಷೆಗೆ ನೆನಪಿಡಬೇಕಾದ ಅಂಶಗಳು

• ಸ್ಥಾಪಕರು: ವಿಪ್ರೋ ಕಂಪನಿಯನ್ನು ಬೆಳೆಸಿದ ಅಜೀಂ ಪ್ರೇಮ್‌ಜಿ. ಕೇಂದ್ರ ಕಚೇರಿ: ಬೆಂಗಳೂರು.

• ದಾನಪ್ರತಿಜ್ಞೆ: ವಾರೆನ್ ಬಫೆಟ್ ಮತ್ತು ಗೇಟ್ಸ್ ದಂಪತಿ 2010ರಲ್ಲಿ ಆರಂಭಿಸಿದ ‘ಗಿವಿಂಗ್ ಪ್ಲೆಡ್ಜ್’ಗೆ 2013ರಲ್ಲಿ ಸಹಿ ಹಾಕಿದ ಮೊದಲ ಭಾರತೀಯ.

• 2019: ವಿಪ್ರೋದ ಒಟ್ಟು 67% ಷೇರುಗಳ ಆರ್ಥಿಕ ಲಾಭ ಸೇವಾಕಾರ್ಯಕ್ಕೆ ಮೀಸಲು.

• ಪುರಸ್ಕಾರ: ಪದ್ಮಭೂಷಣ (2005), ಪದ್ಮವಿಭೂಷಣ (2011).

• ಶಾಲಾ ಮೊಟ್ಟೆ: 2024ರಲ್ಲಿ ಕರ್ನಾಟಕ ಸರ್ಕಾರದೊಂದಿಗೆ ಒಪ್ಪಂದ. ವಾರಕ್ಕೆ 2 ದಿನ ಸಿಗುತ್ತಿದ್ದ ಮೊಟ್ಟೆ 6 ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಗದಗ ಜಿಲ್ಲೆಯ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸರ್ಕಾರಿ, ಅನುದಾನಿತ ಶಾಲೆಗಳ 1ರಿಂದ 10ನೇ ತರಗತಿ ಮಕ್ಕಳೂ ಇದರ ವ್ಯಾಪ್ತಿಯಲ್ಲಿದ್ದಾರೆ.

• ವಿದ್ಯಾರ್ಥಿವೇತನ: ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ ₹30,000.

• ವ್ಯತ್ಯಾಸ ಗಮನಿಸಿ: ಕಂಪನಿಗಳ ಕಾಯ್ದೆ 2013ರ 135ನೇ ಕಲಂ ಪ್ರಕಾರ, ಅರ್ಹ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ 2% ಸಾಮಾಜಿಕ ಹೊಣೆಗೆ ವ್ಯಯಿಸುವುದು ಕಡ್ಡಾಯ. ಪ್ರೇಮ್‌ಜಿ ಅವರ ದಾನ ಸ್ವಂತ ಸಂಪತ್ತಿನಿಂದ, ಸ್ವಇಚ್ಛೆಯಿಂದ ಬಂದದ್ದು.

• ಸಾರಾಂಶ: ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ. ಮಗುವಿನ ತಟ್ಟೆ ತಲುಪಿದಾಗಲೇ ದಾನ ಸಾರ್ಥಕ.